ಜಲಜ ಒಮ್ಮೆ ಮಾತ್ರ ಕೇಳದೆ ಬಿಟ್ಟ ಪ್ರಶ್ನೆ

1997ರ ಜೂನ್ ತಿಂಗಳು. ಗಂಗೊಳ್ಳಿಯ ಕಡಲ ಬದಿಯ ಶಾಲೆಯಲ್ಲಿ ಒಂದನೆಯ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ದಿನ. ಬೇರೆ ತಾಯಂದಿರೆಲ್ಲ ಹೆಸರು ಬರೆಸಿ, ಮಕ್ಕಳ ಮೂಗು ಒರೆಸಿ ಹೊರಟುಹೋಗಿದ್ದರು. ಖಾಲಿ ಮೀನಿನ ಹೆಡಿಗೆಯನ್ನು ಜಗಲಿಯಲ್ಲಿ ಕವುಚಿಟ್ಟು ಒಳಗೆ ಬಂದ ಮೂವತ್ತರ ಹೆಂಗಸೊಬ್ಬಳು ಮಾತ್ರ ಮಗಳ ಕೈ ಬಿಡದೆ ಮೇಜಿನ ಮುಂದೆ ನಿಂತೇ ಇದ್ದಳು.

"ಮಾಷ್ಟ್ರೇ, ಒಂದ್ ಮಾತ್ ಕೇಣ್ಕಿತ್ತ್. ಬೇಜಾರ್ ಮಾಡ್ಬೇಡಿ."

"ಕೇಣಿ."

"ನೀವ್ ಎಂತ ಓದಿದ್ರಿ?"

ಹದಿನೆಂಟು ವರ್ಷದ ನೌಕರಿಯಲ್ಲಿ ಚಂದಯ್ಯ ಮಾಷ್ಟ್ರನ್ನು ಆ ಪ್ರಶ್ನೆ ಕೇಳಿದವರು ಇನ್‌ಸ್ಪೆಕ್ಟರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅವರು ತಬ್ಬಿಬ್ಬಾದರೂ, ಎರಡು ವರ್ಷದ ಶಿಕ್ಷಕರ ತರಬೇತಿ ಆಗಿದೆಯೆಂದು ಹೇಳಿದರು.

"ಕಾಗ್ದ ಇತ್ತಾ?"

"ಮನೆಯಲ್ಲಿತ್ತ್. ಬೇಕಾರೆ ನಾಳೆ ತತ್ತೆ."

"ಬ್ಯಾಡ. ತತ್ತೆ ಅಂದ್ರಲೆ, ಅಷ್ಟ್ ಸಾಕ್" ಎಂದು ಆಕೆ ಮಗಳ ಕೈ ಬಿಟ್ಟಳು. ಮಗಳ ಹೆಸರು ನವ್ಯಾ. ತಾಯಿಯ ಹೆಸರು ಜಲಜ.

ಊರಿನವರು ಅವಳ ಈ ಪ್ರಶ್ನೆಯನ್ನು ಆಡಿಕೊಂಡು ನಗುತ್ತಿದ್ದರು. ಆದರೆ ಅದು ಹುಟ್ಟಿದ್ದು ನಗುವ ಜಾಗದಲ್ಲಲ್ಲ. ಅವಳ ತಮ್ಮ ಬಚ್ಚ ಆರು ವರ್ಷದವನಿದ್ದಾಗ ಜ್ವರ ಬಂದಿತ್ತು. ಪೇಟೆಯಲ್ಲಿ ಔಷಧದ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ಒಬ್ಬಾತ ಸೊಂಟಕ್ಕೆ ಸೂಜಿ ಚುಚ್ಚಿದ. ಜ್ವರ ಇಳಿಯಿತು, ಬಚ್ಚನ ಬಲಗಾಲು ಸೊರಗಿಹೋಯಿತು. ಆತ ವೈದ್ಯನೇ ಅಲ್ಲವೆಂದು ತಿಳಿದದ್ದು ಆಮೇಲೆ. 'ಅವ ಎಂತ ಓದಿದ್ದ ಅಂದೇಳಿ ಒಬ್ರಾರೂ ಕೇಂಡ್ರಾ?' ಎಂದು ಅಬ್ಬೆ ಸಾಯುವ ತನಕ ಎದೆ ಬಡಿದುಕೊಳ್ಳುತ್ತಿದ್ದಳು. ಆ ಮಾತು ಜಲಜಳ ನಾಲಿಗೆಯ ಮೇಲೆ ಬಂದು ಕೂತಿತು. ಕರೆಂಟು ಜೋಡಿಸಲು ಬಂದವನಿಗೂ ಅದೇ ಪ್ರಶ್ನೆ, ಹಲ್ಲು ಕೀಳುವವರಿಗೂ ಅದೇ ಪ್ರಶ್ನೆ.

ಜಲಜಳ ಗಂಡ ಸೂರ ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವವನು. ಬೋಟನ್ನು ಮುಂದೆ ತಳ್ಳುವ ಅಡಿಯ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಕತ್ತಿ ಕಚ್ಚಿಕೊಂಡು ನೀರಿಗಿಳಿದು ಬಿಡಿಸುವುದು ಅವನ ವಿಶೇಷ. ಅಷ್ಟು ಹೊತ್ತು ಉಸಿರು ಹಿಡಿಯಬಲ್ಲವರು ಆ ಬಂದರಿನಲ್ಲಿ ಬೇರೆ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ದಡದ ಹತ್ತಿರ ಅವನು ಮುಳುಗಿದ್ದನ್ನು ಜಲಜ ಕಂಡಿದ್ದಳು. ಇಳಿಯುವ ಮೊದಲು ಕೆನ್ನೆ ಉಬ್ಬುತ್ತದೆ, ಕಣ್ಣು ಒಂದೇ ಕಡೆ ನಿಲ್ಲುತ್ತದೆ, ಕತ್ತಿನ ನರ ಹಗ್ಗದ ಹಾಗೆ ಎದ್ದು ಬರುತ್ತದೆ. ಆ ಮುಖವನ್ನು ಅವಳು ಮರೆತಿರಲಿಲ್ಲ.

2012ರ ಏಪ್ರಿಲ್‌ನಲ್ಲಿ, ಬೋಟಿನ ಮೇಲೆಯೇ ಸೂರನಿಗೆ ಎದೆನೋವು ಬಂತು. ದೊಡ್ಡಾಸ್ಪತ್ರೆಯಲ್ಲಿ ಹೃದಯದ ನಾಳಕ್ಕೆ ಸ್ಟೆಂಟು ಹಾಕಿ ಉಳಿಸಿದರು. ಬಿಡುಗಡೆಯ ದಿನ ವೈದ್ಯರು ಹೇಳಿದ್ದಿಷ್ಟು: ಆರು ವಾರ ನಡಿಗೆ; ಆಮೇಲೆ ತಿಳಿದವರ ಕೈಕೆಳಗೆ ವ್ಯಾಯಾಮ; ಆಗಸ್ಟ್‌ನಲ್ಲಿ ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ ಪರೀಕ್ಷೆ. ಅದರಲ್ಲಿ ಗೆದ್ದರೆ ಕಡಲು, ಇಲ್ಲವಾದರೆ ಮನೆ.

ಬೋಟು ನಡೆಸುವ ತಾಂಡೇಲ ಕುಷ್ಟ ಮನೆಗೆ ಬಂದು, "ಸೂರಣ್ಣ, ಮಳೆಗಾಲ ಮುಗ್ದ್ ಬೋಟ್ ಇಳೂವರಿಗೆ ನಿನ್ ಜಾಗ ಯಾರಿಗೂ ಕೊಡುದಿಲ್ಲೆ. ಆಮೇಲ್ ನನ್ ಕೈಯಗಿಲ್ಲೆ" ಎಂದು ಹೇಳಿ ಹೋದ. ಅಂದಿನಿಂದ ಸೂರ ಜಗಲಿಯಲ್ಲಿ ಕೂತು ಕಡಲನ್ನೇ ನೋಡತೊಡಗಿದ. ಊಟ ಇಳಿಯಿತು, ಮಾತು ನಿಂತಿತು. ಕಡಲಿಗೆ ಹೋಗದಿದ್ದರೆ ಈ ಮನುಷ್ಯ ಕೂತಲ್ಲೇ ಮುಗಿದುಹೋಗುತ್ತಾನೆ ಎಂದು ಜಲಜಳಿಗೆ ಭಯ. ಆತುರಪಟ್ಟು ಮೈ ದಂಡಿಸಿದರೆ ಎದೆಯೇ ನಿಂತೀತೆಂದು ಇನ್ನೊಂದು ಭಯ.

ಮೀನು ಮಾರ್ಕೆಟ್ಟಿನಲ್ಲಿ ಅವಳ ಪಕ್ಕ ಕೂರುವವಳು ವನಜ. ಅವಳ ಮಗ ರತನ್ ಮುಂಬಯಿಯಿಂದ ಬಂದು ಕುಂದಾಪುರದಲ್ಲಿ ಜಿಮ್ಮು ತೆರೆದಿದ್ದ. ಆರು ವಾರದ ನಡಿಗೆ ಮುಗಿದ ಮೇಲೆ ಜಲಜ ಮಗಳ ಜೊತೆ ಅಲ್ಲಿಗೆ ಹೋದಳು. ರತನನ ತೋಳು ತೆಂಗಿನ ಬುಡದಂತೆ. ಗೋಡೆಯ ಮೇಲೆ ಬಹುಮಾನದ ಕಪ್ಪುಗಳ ಸಾಲು, ನಡುವೆ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟು. "ಎರಡ್ ತಿಂಗ್ಳ್ ಬಿಡಿ ಚಿಕ್ಕಿ, ಸೂರಣ್ಣನ್ ಹುಲಿ ಮಾಡಿ ಕಳ್ಸ್ತೆ" ಎಂದ ರತನ್.

ಮನೆಗೆ ಬರುವ ದಾರಿಯಲ್ಲಿ ನವ್ಯಾ ಕೇಳಿದಳು, "ಅಮ್ಮಾ, ನೀನ್ ಎಲ್ಲರ ಹತ್ರೂ ಕೇಣ್ತೆ. ರತನಣ್ಣನ ಹತ್ರ ಕೇಣ್ಲೇ ಇಲ್ಯಲೆ?"

"ಸುಮ್ನಿರ್ ಹೆಣೆ. ವನಜಕ್ಕನ್ ಹೆಡ್ಗಿ ಪಕ್ಕ ಹೆಡ್ಗಿ ಇಟ್ಕಂಡ್ ಇಪ್ಪತ್ತ್ ವರ್ಷ ಆಯ್ತ್. ಅವ್ಳ್ ಮಗನ್ ಹತ್ರ ಕಾಗ್ದ ಕೇಂಬುದಾ?"

ಮಾರ್ಕೆಟ್ಟಿನ ಹೆಂಗಸರ ಕಟ್ಟಳೆಯೇ ಹಾಗೆ. ಒಬ್ಬಳು ಬಾರದ ದಿನ ಪಕ್ಕದವಳು ಅವಳ ಹೆಡಿಗೆಯನ್ನೂ ಮಾರಿ ಮುಗಿಸುತ್ತಾಳೆ. ಅಂಥವಳ ಮಗನನ್ನು ಪರೀಕ್ಷಿಸುವುದೆಂದರೆ, ಅವಳ ಎದುರೇ ಅವಳ ಮೀನನ್ನು ಮೂಸಿ ನೋಡಿದ ಹಾಗೆ.

ಸೂರ ಜಿಮ್ಮಿಗೆ ಹೋದ ಮೊದಲ ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ರತನ್ ಕಬ್ಬಿಣದ ಸರಳಿಗೆ ಎರಡೂ ತುದಿಯಲ್ಲಿ ಬಿಲ್ಲೆ ಸೇರಿಸಿ ಸೂರನ ಕೈಗೆ ಕೊಟ್ಟ. ಜಲಜ ಮಗಳ ಜೊತೆ ಚಪ್ಪಲಿ ಬಿಡುವ ಜಾಗದ ಬೆಂಚಿನಲ್ಲಿ ಕೂತಿದ್ದಳು.

"ಎತ್ತಿ ಸೂರಣ್ಣ! ಇನ್ನೊಂದ್! ಕಡಲಿನವ್ರಲ್ದಾ ನೀವ್? ಇನ್ನೊಂದ್!"

ಸರಳು ಎದೆಯ ಮಟ್ಟಕ್ಕೆ ಬಂದಾಗ ಜಲಜ ಗಂಡನ ಮುಖ ನೋಡಿದಳು. ಕೆನ್ನೆ ಉಬ್ಬಿತ್ತು. ಕಣ್ಣು ಒಂದೇ ಕಡೆ ನಿಂತಿತ್ತು. ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು. ನೀರಿಗಿಳಿಯುವ ಮುಖ ಅದು! ಭಾರ ಎತ್ತಿದಾಗಲೆಲ್ಲ ಸೂರ ತನಗೇ ಅರಿವಿಲ್ಲದೆ ಉಸಿರು ಕಟ್ಟುತ್ತಿದ್ದ. ಪಕ್ಕದಲ್ಲೇ ನಿಂತಿದ್ದ ರತನ್ ಅವನ ತೋಳು ನೋಡುತ್ತಿದ್ದನೇ ಹೊರತು ಮುಖವನ್ನಲ್ಲ.

"ಹ್ವಾಯ್! ಉಸ್ರ್ ಬಿಡಿ! ಉಸ್ರ್ ಬಿಡಿ!" ಎಂದು ಕೂಗುತ್ತ ಜಲಜ ಓಡಿದಳು.

ಅಷ್ಟರಲ್ಲಿ ಸರಳು ದಡಾರನೆ ಬಿತ್ತು. ಸೂರ ಗೋಡೆಗೆ ಒರಗಿ ಹಾಗೆಯೇ ಜಾರಿ ಕುಳಿತ. ಮುಖ ಬೂದಿಯ ಬಣ್ಣ, ಹಣೆಯಲ್ಲಿ ತಣ್ಣನೆಯ ಬೆವರು. ಕಪ್ಪುಗಳ ಸಾಲಿನ ಕೆಳಗೆ ರತನ್ ಕಂಬದಂತೆ ನಿಂತುಬಿಟ್ಟ. ಆಟೋ ಕರೆದವಳು ನವ್ಯಾ.

ಆಸ್ಪತ್ರೆಯಲ್ಲಿ ಎದೆಗೆ ವಯರು ಅಂಟಿಸಿ ನೋಡಿದರು. ರಕ್ತ ತೆಗೆದರು. ಆರು ಗಂಟೆ ಕಳೆದ ಮೇಲೆ ಮತ್ತೆ ತೆಗೆದರು. ಆ ಆರು ಗಂಟೆ ಜಲಜ ಬಾಗಿಲ ಬಳಿಯಿಂದ ಕದಲಲಿಲ್ಲ. ಹೊರಗೆ ಬಂದ ವೈದ್ಯರು, "ಈ ಸಲ ಉಳಿದುಕೊಂಡರು. ಹೃದಯಕ್ಕೆ ಹೊಸದಾಗಿ ಪೆಟ್ಟು ಬಿದ್ದಿಲ್ಲ. ಉಸಿರು ಕಟ್ಟಿ ಭಾರ ಎತ್ತಲು ಇವರಿಗೆ ಹೇಳಿಕೊಟ್ಟವರು ಯಾರು? ಅವರು ಏನು ಓದಿದ್ದಾರೆ?" ಎಂದರು.

ಊರಿಗೆಲ್ಲ ಕೇಳುತ್ತಿದ್ದ ಪ್ರಶ್ನೆಯನ್ನು ಮೊದಲ ಬಾರಿಗೆ ಬೇರೆಯವರು ಅವಳಿಗೆ ಕೇಳಿದ್ದರು. ಮರುದಿನ ನವ್ಯಾ ಜಿಮ್ಮಿಗೆ ಹೋಗಿ ಗೋಡೆಯ ಸರ್ಟಿಫಿಕೇಟು ಓದಿ ಬಂದಳು. ಮೈಕಟ್ಟಿನ ಸ್ಪರ್ಧೆಯಲ್ಲಿ ರತನ್ ಭಾಗವಹಿಸಿದ್ದ ಎಂಬುದಷ್ಟೇ ಅದರಲ್ಲಿತ್ತು. ಇನ್ನೊಬ್ಬರಿಗೆ ಕಲಿಸಲು ಅವನು ಕಲಿತದ್ದು ಎಲ್ಲಿಯೂ ಇರಲಿಲ್ಲ.

ಗಂಡನನ್ನು ಇನ್ನು ಅಲ್ಲಿಗೆ ಕಳುಹಿಸುವುದಿಲ್ಲವೆಂದು ಜಲಜ ಹೇಳಿದ ದಿನವೇ ವನಜ ತನ್ನ ಹೆಡಿಗೆಯನ್ನು ಮಾರ್ಕೆಟ್ಟಿನ ಇನ್ನೊಂದು ತುದಿಗೆ ಒಯ್ದಳು. "ನನ್ ಮಗ ಎಂತ ವಿಷ ಕೊಟ್ಟಿದ್ನಾ?" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಜಲಜ ತಲೆ ತಗ್ಗಿಸಿ ಬಂಗುಡೆಗೆ ನೀರು ಚಿಮುಕಿಸಿದಳು. ತಪ್ಪು ಹುಡುಗನದಷ್ಟೇ ಅಲ್ಲ, ಕೇಳಬೇಕಾದಲ್ಲಿ ಕೇಳದ ತನ್ನದೂ ಹೌದೆಂದು ಅವಳಿಗೆ ಗೊತ್ತಿತ್ತು.

ಜೂನ್ ಅರ್ಧ ಕಳೆದಿತ್ತು. ವ್ಯಾಯಾಮ ಹೇಳಿಕೊಡುವ ಬೇರೆ ಎರಡು ಕಡೆ ಹೋಗಿ ಜಲಜ ತನ್ನ ಪ್ರಶ್ನೆ ಕೇಳಿದಳು. ಒಬ್ಬಾತ ನಕ್ಕ, ಇನ್ನೊಬ್ಬಾತ "ಮೀನ್ ಮಾರೂಕೆ ನೀವ್ ಎಂತ ಓದಿದ್ರಿ?" ಎಂದು ತಿರುಗಿ ಕೇಳಿದ. "ನನ್ ಮೀನ್ ಕೆಟ್ರೆ ಹೊಟ್ಟಿ ಹಾಳಾತ್ತ್ ಮಾರಾಯ. ನಿನ್ ಕೆಲ್ಸ ಕೆಟ್ರೆ ನನ್ ಕುಂಕುಮ ಹೋತ್ತ್" ಎಂದು ಹೇಳಿ ಮೆಟ್ಟಿಲಿಳಿದಳು.

ಮೂರನೆಯದು ಬ್ರಹ್ಮಾವರದಲ್ಲಿ, ಬಸ್ಸಿಳಿದು ಎರಡು ನಿಮಿಷದ ದಾರಿ. ಕಪ್ಪುಗಳಿಲ್ಲದ ಗೋಡೆ. ವಿಜೇತಾ ಎಂಬ ಇಪ್ಪತ್ತೆಂಟರ ಹುಡುಗಿ.

"ಇದೆಂತದ್, ನಮ್ ನವ್ಯಾನಷ್ಟ್ ಇತ್ತಲೆ! ನಾ ಇದ್ರ್ ಕೈಯಗೆ ಕಲಿಯುದಾ?" ಎಂದು ಸೂರ ಬಾಗಿಲಲ್ಲೇ ಗೊಣಗಿದ.

ಜಲಜ ತನ್ನ ಪ್ರಶ್ನೆ ಕೇಳಿದಳು. ವಿಜೇತಾ ನಗಲಿಲ್ಲ, ಮುಖ ಗಂಟಿಕ್ಕಲಿಲ್ಲ. ಕಡತ ತೆಗೆದು ಒಂದೊಂದೇ ಹಾಳೆ ನವ್ಯಾಳ ಕೈಗೆ ಕೊಟ್ಟಳು. "ಇದ್ ಫಿಸಿಯೋಥೆರಪಿ ಡಿಗ್ರಿ. ಇದ್ ಹೃದಯದ್ ಕಾಯಿಲೆ ಆದವ್ರಿಗೆ ವ್ಯಾಯಾಮ ಮಾಡ್ಸೂಕೆ ಕಲ್ತದ್. ಕಾಲೇಜಿನ್ ನಂಬರ್ ಇಲ್ಲಿತ್ತ್, ಫೋನ್ ಮಾಡಿ ಕೇಣಿ. ನಾನ್ ಡಾಕ್ಟ್ರಲ್ಲ ಜಲಜಕ್ಕ. ಅವ್ರ್ ಬರ್ದ್ ಕೊಟ್ಟಷ್ಟೇ ಮಾಡ್ಸ್ತೆ. ಚೀಟಿ ತಂದಿದ್ರಿಯಾ?"

ತಂದಿರಲಿಲ್ಲ.

"ಹಂಗಾರೆ ಇವತ್ತ್ ಎಂತದೂ ಇಲ್ಲೆ. ಚೀಟಿ ತಕಂಡ್ ಬನ್ನಿ."

"ಅಷ್ಟ್ ದೂರದಿಂದ ಬಂದಿತ್ತ್. ಒಂಚೂರ್ ಕೈಕಾಲಾರೂ ಆಡ್ಸ್ಲಕ್ಕಲೆ?" ಎಂದ ಸೂರ.

"ಇಲ್ಲೆ ಸೂರಣ್ಣ."

ಬಸ್ಸಿನಲ್ಲಿ ಸೂರ ಬೈಯುತ್ತಲೇ ಇದ್ದ. ಜಲಜ ಮಾತ್ರ ಎಷ್ಟೋ ದಿನಗಳ ಮೇಲೆ ಕಿಟಕಿಗೆ ತಲೆಯೊರಗಿಸಿ ನಿದ್ದೆ ಮಾಡಿದಳು.

ಚೀಟಿ ಬಂದ ಮೇಲೆ ಕೆಲಸ ಸುರುವಾಯಿತು. ಕಿಟಕಿಯ ಸರಳಿಗೆ ರಬ್ಬರಿನ ಪಟ್ಟಿ ಕಟ್ಟಿ ಎಳೆಯಲು ಹೇಳಿದ ವಿಜೇತಾ ಅವನ ಎದುರಿಗೆ, ಮುಖ ಕಾಣುವಂತೆ ನಿಂತಳು. ಎರಡನೆಯ ಎಳೆತಕ್ಕೇ ಕೈಯೆತ್ತಿ ನಿಲ್ಲಿಸಿದಳು. "ಸೂರಣ್ಣ, ನೀವ್ ಉಸ್ರ್ ಹಿಡಿತ್ರಿ."

"ಇಲ್ಯಪ್ಪ."

"ಹಿಡಿತ್ರಿ. ದಡದಲ್ ನಿಂತ್ ಬಲಿ ಎಳುವತಿಗೆ ಎಂತ ಹೇಳ್ತ್ರಿ?"

ಸೂರ ನಾಚಿದ. "ಐಲೇಸಾ ಅಂತ್ರಪ."

"ಹಂಗೇ ಹೇಳ್ಕಂಡ್ ಎಳಿನಿ. ದೊಡ್ಡಕ್ ಹೇಳಿ. ಬಾಯಲ್ ಮಾತ್ ಬತ್ತಾ ಇದ್ರೆ ಉಸ್ರ್ ಕಟ್ಟೂಕ್ ಆತ್ತಿಲ್ಲೆ."

ಮೊದಲ ದಿನ ಪಿಸುದನಿಯಲ್ಲಿ, ಮರುವಾರ ಗಟ್ಟಿಯಾಗಿ, ಜುಲೈ ಮುಗಿಯುವಷ್ಟರಲ್ಲಿ ಕೆಳಗಿನ ಅಂಗಡಿಯವರು ತಲೆಯೆತ್ತಿ ನೋಡುವಷ್ಟು ಜೋರಾಗಿ ಸೂರ ಐಲೇಸಾ ಹಾಕಿದ. ಪ್ರತಿದಿನವೂ ಎಳೆಯುವ ಮೊದಲು ಮತ್ತು ಎಳೆದ ಮೇಲೆ ವಿಜೇತಾ ಅವನ ನಾಡಿ ನೋಡಿ ಬರೆದುಕೊಳ್ಳುತ್ತಿದ್ದಳು. ಜಲಜ ಬೆಂಚಿನಲ್ಲಿ ಕೂತು ಗಂಡನ ಕೆನ್ನೆಯನ್ನೇ ನೋಡುತ್ತಿದ್ದಳು.

ಆಗಸ್ಟ್‌ನ ಪರೀಕ್ಷೆಯ ದಿನ ಅವಳನ್ನು ಹೊರಗೆ ಕೂರಿಸಿದರು. ಗಾಜಿನಾಚೆ ಸೂರನ ಬೆನ್ನು ಮಾತ್ರ ಕಾಣುತ್ತಿತ್ತು. ಕಾಲ ಕೆಳಗಿನ ಪಟ್ಟಿ ಓಡಿತು, ಜೋರಾಯಿತು, ಏರಾಯಿತು. ಅವನ ಅಂಗಿಯ ಬೆನ್ನು ಒದ್ದೆಯಾಯಿತು. ಅವನು ಉಸಿರು ಬಿಡುತ್ತಿದ್ದಾನೋ ಇಲ್ಲವೋ ಇಲ್ಲಿಂದ ತಿಳಿಯುವಂತಿರಲಿಲ್ಲ. ಜಲಜ ತಾನೇ ಉಸಿರು ಹಿಡಿದು ಕೂತಿದ್ದಳು. ಒಳಗಿನಿಂದ ಸಣ್ಣದಾಗಿ ಐಲೇಸಾ ಕೇಳಿಸಿತು. ಆಗ ಅವಳೂ ಉಸಿರು ಬಿಟ್ಟಳು.

"ಬೋಟಿಗೆ ಹೋಗಬಹುದು. ಆದರೆ ನೀರಿಗೆ ಮುಳುಗುವಂತಿಲ್ಲ, ಯಾವತ್ತೂ" ಎಂದರು ವೈದ್ಯರು. ಜಲಜ ಅದನ್ನು ಕುಷ್ಟನ ಮುಂದೆ ಸೂರನಿಂದಲೇ ಹೇಳಿಸಿದಳು. ಆ ವರ್ಷ ಫ್ಯಾನಿಗೆ ಎರಡು ಸಲ ಬಲೆ ಸುತ್ತಿತು. ಎರಡು ಸಲವೂ ಸೂರ ಅಂಚಿನಲ್ಲಿ ನಿಂತು, ಇಳಿದವರಿಗೆ ಹೇಳಿಕೊಟ್ಟನಂತೆ.

ರತನ್ ಜಿಮ್ಮು ಮುಚ್ಚಿ ಊರು ಬಿಟ್ಟ. ಕಲಿಯಲು ಹೋಗಿದ್ದಾನೆ ಎಂಬುದು ಆಮೇಲೆ ತಿಳಿಯಿತು. ಅವನು ಮರಳಿ ಬಂದು ಅದೇ ಬಾಗಿಲು ತೆರೆದ ವಾರ, ವನಜ ತನ್ನ ಹೆಡಿಗೆಯನ್ನು ಜಲಜಳ ಪಕ್ಕಕ್ಕೆ ತಂದಿಟ್ಟಳು. "ಈಗ ಕೇಣ್, ಅವ ಎಂತ ಓದಿದ ಅಂದ್" ಎಂದಳು, ಮುಖ ಆಚೆ ತಿರುಗಿಸಿಕೊಂಡೇ.

ಈಗ 2017. ಜಲಜಳಿಗೆ ಐವತ್ತಾಗಿದೆ. ಹರೆಯದಲ್ಲಿ ಹೆಡಿಗೆ ಹೊತ್ತು ಬಸ್ರೂರು, ಹಟ್ಟಿಯಂಗಡಿಯ ಮನೆಮನೆ ತಿರುಗಿದ ಮಂಡಿ ನೋಯುತ್ತದೆ. ಮೊನ್ನೆ ಅವಳು ರತನನ ಜಿಮ್ಮಿನ ಮೆಟ್ಟಿಲು ಹತ್ತಿದಳು. ಕಪ್ಪುಗಳು ಒಳಕೋಣೆಗೆ ಹೋಗಿದ್ದವು. ಗೋಡೆಯ ಮೇಲೆ ಹೊಸ ಸರ್ಟಿಫಿಕೇಟು ಇತ್ತು. ಅವಳು ಅದನ್ನು ನೋಡದವಳಂತೆ ಬೆಂಚಿನಲ್ಲಿ ಕೂತು, "ಮಂಡಿ ನೋವ್ ಮಗಾ, ಎಂತಾರೂ ಮಾಡ್ಸ್" ಎಂದಳು.

"ಡಾಕ್ಟ್ರ ಚೀಟಿ ಎಲ್ಲಿ ಚಿಕ್ಕಿ?"

"ಮನೆಯಂಗಿತ್ತ್. ನಾಳೆ ತತ್ತೆ. ಇವತ್ತ್ ಒಂಚೂರ್..."

"ಇವತ್ತ್ ಆತ್ತಿಲ್ಲೆ. ಹೋಯ್ ತಕಂಡ್ ಬನ್ನಿ."

ಚೀಟಿ ಅವಳ ಸೊಂಟದ ಸಂಚಿಯಲ್ಲೇ ಇತ್ತು. ಅವಳು ಅದನ್ನು ಹೊರಗೆ ತೆಗೆಯದೆ, ಕಂಬಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲಿಳಿದು ಮನೆಗೆ ಹೋದಳು. ಮರುದಿನ ತಂದು ಕೊಟ್ಟಳು. ಈಗ ವಾರಕ್ಕೆ ಮೂರು ದಿನ, ಮೀನು ಖಾಲಿಯಾದ ಮೇಲೆ ಅಲ್ಲಿಗೆ ಹೋಗುತ್ತಾಳೆ. ಚಪ್ಪಲಿ ಬಿಡುವ ಜಾಗದ ಬೆಂಚಿನಲ್ಲಿ ಸೂರ ಕೂತಿರುತ್ತಾನೆ, ಹೆಂಡತಿಯ ಕೆನ್ನೆ ನೋಡುತ್ತ.