ಹೆಡ್ಡು ತಣಿಯುವವರೆಗೆ

ಮೇಸ್ತ್ರಿಯ ಬಲಗೈ ಸದಾ ಎಂಜಿನ್ ಎಣ್ಣೆಯಿಂದ ಕಪ್ಪಗೆ, ಎಡಗೈ ಸೀಮೆಸುಣ್ಣದ ಪುಡಿಯಿಂದ ಬೆಳ್ಳಗೆ ಇರುತ್ತಿತ್ತು. ಬೆವರು ಒರೆಸಿಕೊಂಡಾಗ ಹಣೆಗೆ ಯಾವ ಬಣ್ಣ ಹತ್ತಿದೆ ಎಂದು ನೋಡಿಯೇ, ಇವತ್ತು ಬಿಚ್ಚುವ ಕೆಲಸವೋ ಪರೀಕ್ಷೆಯ ಕೆಲಸವೋ ಎಂದು ಹೇಳಿಬಿಡಬಹುದಿತ್ತು. ಮುರ್ಡೇಶ್ವರದಲ್ಲಿ ರೈಲ್ವೆ ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಅವರ ತಗಡಿನ ಶೆಡ್ಡು. ಮುಂದೆ ದೋಣಿ ಎಂಜಿನ್ನುಗಳು, ಹಿಂದೆ ಒಂದು ಮಂಚ, ಒಂದು ಸೀಮೆಎಣ್ಣೆ ಸ್ಟವ್, ಒಂದೇ ಒಂದು ತಟ್ಟೆ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ.

ನಾನು ಸಣ್ಣ ದೋಣಿಯಲ್ಲಿ ಮೀನು ಹಿಡಿಯುವವನು. ಅವರ ಬಳಿ ಮೊದಲ ಸಲ ಹೋದದ್ದೇ ತಪ್ಪು ಮಾಡಿಕೊಂಡು. ಎಂಜಿನ್ ತಣ್ಣಗಿಡಲು ಸಮುದ್ರದ ನೀರು ಎಳೆಯುವ ತೂತಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿ ಎಂಜಿನ್ ಕಾದು ನಿಂತಿತ್ತು. ಸುತ್ತ ಸಮುದ್ರವೇ ಇರುವಾಗ ನಮ್ಮವರಿಗೆ ಹೊಳೆಯುವ ಬುದ್ಧಿ ಒಂದೇ. ದೋಣಿಯ ನೀರು ತೋಡುವ ಡಬ್ಬಿಯಲ್ಲಿ ಉಪ್ಪುನೀರು ಮೊಗೆದು ಕಾದ ಎಂಜಿನ್ನಿನ ಮೇಲೆ ಸುರಿದಿದ್ದೆ.

ಎಂಜಿನ್ನಿನ ಮೇಲಿನ ದಪ್ಪ ಅಲ್ಯುಮಿನಿಯಂ ಮುಚ್ಚಳಕ್ಕೆ ನಾವು ಹೆಡ್ಡು ಅನ್ನುತ್ತೇವೆ. ಮೇಸ್ತ್ರಿ ಅದನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು.

"ಕಾದಾಗ ನೀರು ಹೊಯ್ದಿದ್ಯಾ ತಮ್ಮಾ?"

"ಇಲ್ಲ ಮೇಸ್ತ್ರಿ."

"ಆತು. ಕೂತ್ಕೋ."

ಹೆಡ್ಡಿಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಒಣಗುವಂತೆ ಒರೆಸಿದರು. ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದರು. ಬೆಳ್ಳಗಿನ ಪುಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ಒದ್ದೆ ಗೆರೆಯೊಂದು ಮೂಡಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಹೊರಗೆ ಬರುತ್ತಿತ್ತು.

"ಕಬ್ಬಿಣ ಆದ್ರೆ ಕಾದಾಗ ಕೆಂಪಾಗಿ ಹೇಳ್ತದೆ. ಇದು ಎಂತದೂ ಹೇಳೂದಿಲ್ಲ, ನಾವೇ ಕೇಳ್ಬೇಕು" ಎಂದರು. ಆಮೇಲೆ ನನ್ನ ಮುಖ ನೋಡದೆ, "ನೀರು ಹೊಯ್ದಿದ್ದು ಹೌದಲ್ದಾ? ಎಲ್ಲರೂ ಹೊಯ್ಯೂದೇ. ಆದ್ರೆ ಇದನ್ನ ಹಾಕಿ ನಿನ್ನ ಸಮುದ್ರಕ್ಕೆ ಕಳ್ಸೂದಿಲ್ಲ ನಾನು" ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೇ ಹಗುರವಾಗುತ್ತಿತ್ತು.

ಅಲ್ಲಿಂದ ನನ್ನ ಎಂಜಿನ್ ಬೇರೆಯವರ ಕೈ ಕಾಣಲಿಲ್ಲ. ಹೆಡ್ಡಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು, ಕೆಳಗೆ ತೆಳು ತಗಡು ತೂರುತ್ತದೋ ಎಂದು ನೋಡಿ ಸೊಟ್ಟ ಕಂಡುಹಿಡಿಯುವುದನ್ನು ಕಲಿಸಿದರು. ಬೆಂದ ಅಲ್ಯುಮಿನಿಯಂ ಮೆತ್ತಗಾಗಿರುತ್ತದೆ. ಚೂಪು ಉಳಿಯಿಂದ ಎರಡು ಕಡೆ ಮೆಲ್ಲಗೆ ಹೊಡೆದು, ಯಾವ ಗುಳಿ ಹೆಚ್ಚು ಆಳ ಎಂದು ಉಗುರಿನಿಂದ ಮುಟ್ಟಿ ನೋಡುವುದನ್ನೂ ಕಲಿಸಿದರು.

ಪ್ರತಿ ಪರೀಕ್ಷೆಗೂ ಮೊದಲು, ನಂತರ, ನಡುವೆ ಒಂದೇ ಮಾತು: "ತಣಿಲಿ, ಕೂತ್ಕೋ." ಬಿಸಿ ಹೆಡ್ಡಿನ ಅಳತೆ ಸರಿ ಬರುವುದಿಲ್ಲ ಎನ್ನುವುದು ನಿಜ. ಆದರೆ ದಂಡೆಯಿಂದ ಶೆಡ್ಡಿಗೆ ಹೊತ್ತು ತರುವಷ್ಟರಲ್ಲೇ ಅದು ತಣ್ಣಗಾಗಿರುತ್ತಿತ್ತು. ಅವರಿಗೆ ಬೇಕಿದ್ದದ್ದು ಎದುರಿಗೆ ಕೂತು ಚಹಾ ಕುಡಿಯುವ ಒಬ್ಬ ಮನುಷ್ಯ. ಅದು ನಮಗೆಲ್ಲ ಗೊತ್ತಿತ್ತು, ನಮಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಆ ಬಗ್ಗೆ ಯಾರೂ ಬಾಯಿಬಿಡದೆ ಕೂರುತ್ತಿದ್ದೆವು.

ಬಾಯಿಬಿಟ್ಟವನು ನಾನು. ಬಂಗಡೆ ಚೆನ್ನಾಗಿ ಬೀಳುತ್ತಿದ್ದ ದಿನಗಳು, ನನಗೆ ಅವಸರ. ಮೂರೂ ಪರೀಕ್ಷೆ ಮುಗಿದು ಹೆಡ್ಡು ಸರಿಯಿದೆ ಎಂದಾಗಿತ್ತು. ಶೆಡ್ಡಿನಲ್ಲಿ ಇನ್ನಿಬ್ಬರು ದೋಣಿಯವರಿದ್ದರು.

"ಇನ್ನೊಂದು ಸಲ ಪುಡಿ ಹಚ್ಚಿ ನೋಡ್ವ. ತಣಿಲಿ, ಕೂತ್ಕೋ" ಎಂದರು ಮೇಸ್ತ್ರಿ.

"ಅದು ಯಾವಾಗ್ಲೋ ತಣ್ದಿದೆ ಮೇಸ್ತ್ರಿ. ನಿಮಗೆ ಮಾತಾಡೂಕೆ ಜನ ಬೇಕು ಅಂತ ನಾವು ದೋಣಿ ನಿಲ್ಸಿ ಕೂರೂದಾ?"

ಆ ಇಬ್ಬರೂ ನಕ್ಕರು. ತಮಾಷೆಗೇ ಅಂದದ್ದು, ದೇವರಾಣೆ. ಮೇಸ್ತ್ರಿ ಹೆಡ್ಡನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ನನ್ನ ಕೈಗಿಟ್ಟರು.

"ಹೌದು. ಹೋಗು ತಮ್ಮಾ, ಹೊತ್ತಾಗ್ತದೆ."

ಅಂದಿನಿಂದ ಅವರು ಯಾರಿಗೂ ಕೂರಲು ಹೇಳಲಿಲ್ಲ. ಕೆಲಸ ಮುಗಿಸಿ ಸಾಮಾನು ಕೊಟ್ಟು ಬೆನ್ನು ತಿರುಗಿಸುತ್ತಿದ್ದರು. ಒಂದು ಮಧ್ಯಾಹ್ನ ನಾನೇ ಹೋಗಿ ಕೂತೆ. "ಚಹಾ ಮಾಡಿ ಮೇಸ್ತ್ರಿ" ಎಂದೆ.

"ಸೀಮೆಎಣ್ಣೆ ಇಲ್ಲ" ಎಂದರು. ತುಂಬಿದ ಕ್ಯಾನು ಅವರ ಕಾಲ ಬಳಿಯೇ ಇತ್ತು. ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ, ಎದ್ದು ಬಂದೆ.

ಮುಂದಿನ ಮಳೆಗಾಲ, ದೋಣಿಗಳೆಲ್ಲ ದಂಡೆ ಹತ್ತಿ ಶೆಡ್ಡಿನತ್ತ ಯಾರೂ ಸುಳಿಯದ ದಿನಗಳಲ್ಲಿ, ಮೇಸ್ತ್ರಿ ಹೋಗಿಬಿಟ್ಟರು. ಎರಡು ದಿನ ಬಾಗಿಲು ತೆರೆಯದ್ದನ್ನು ಕಂಡು ಪಕ್ಕದ ಮೀನು ಮಾರುವ ಅಕ್ಕ ಜನ ಕರೆದಳು.

ಈಗ ನಮ್ಮ ದಂಡೆಯಲ್ಲಿ ಕಾದ ಹೆಡ್ಡು ನೋಡುವವನು ನಾನೇ. ನನ್ನ ಮೇಲಿನ ಭರವಸೆಯಿಂದ ಜನ ಸಮುದ್ರಕ್ಕೆ ಹೋಗಿ ತಿರುಗಿ ಬರುತ್ತಾರೆ. ಅದು ಮೇಸ್ತ್ರಿಯ ಋಣ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾನೂ ಒಬ್ಬನೇ. ಕೆಲಸ ಮುಗಿದಾಗ, ಸ್ವಲ್ಪ ಹೊತ್ತು ಕೂತು ಹೋಗಿ ಅನ್ನೋಣ ಅನ್ನಿಸುತ್ತದೆ. ಎದುರು ನಿಂತವನು ಏನು ಹೇಳಬಹುದು ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೆಡ್ಡು ಕೊಟ್ಟು ಕಳಿಸಿಬಿಡುತ್ತೇನೆ.