ಅಪ್ಪನ ವಿರೋಧ ಪಕ್ಷ

ಸರಕಾರ ಎಲ್ಲರ ಹೊಲದ ಬದು ಒಡೆದು ಒಂದು ಮಾಡಿ ಸಾಮೂಹಿಕ ಬೇಸಾಯ ತರುತ್ತದೆ ಎಂಬ ಸುದ್ದಿ ಬಬಲೇಶ್ವರಕ್ಕೆ ಬಂದಾಗ ನನ್ನ ಅಪ್ಪ ಹಳೆಯ ಪಕ್ಷ ಬಿಟ್ಟು ಹೊಸದೊಂದನ್ನು ಸೇರಿದ. ಹೊಲವುಳ್ಳವರ, ಹಿಂದಿನಿಂದ ಬಂದ ರೀತಿ ಕೆಡಿಸಬಾರದು ಎನ್ನುವವರ ಪಕ್ಷ ಅದು.

“ನನ್ನ ಹೊಲದಾಗ ಏನ್ ಬಿತ್ತಬೇಕಂತ ದಿಲ್ಲಿಯಾವ್ರು ಯಾಕ ಹೇಳಬೇಕು?” ಎನ್ನುತ್ತಿದ್ದ. ಬಸ್ಸು ಹಿಡಿದು ತಿಕೋಟಾದವರೆಗೆ ಹೋಗಿ ಇದನ್ನೇ ಭಾಷಣ ಮಾಡಿ ಬರುತ್ತಿದ್ದ. ಸರಕಾರ ಮಂದಿಯ ಅಂಗಳದಲ್ಲಿ ಕಾಲಿಡಬಾರದು ಎಂಬುದು ಅವನ ಸಿದ್ಧಾಂತ. ನಮ್ಮ ಅಂಗಳದಲ್ಲಿ ಮಾತ್ರ ಅವನೇ ಸರಕಾರ.

ಆ ಸರಕಾರದ ಹುಕುಮಿನಿಂದಲೇ ನನ್ನ ಓದು ನಿಂತಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಮುಂದೆ ವಿಜಯಪುರದಲ್ಲಿ ಕಲಿತು ಸಾಲಿ ಕಲಿಸುವ ಅಕ್ಕೋರು ಆಗಬೇಕೆಂದು ನನ್ನ ಆಸೆ. ಗೋಳಗುಮ್ಮಟದ ಹಿಂದೆ ಸೋದರತ್ತೆಯ ಮನೆಯೇ ಇತ್ತು. “ನಮ್ಮ ಮನೆತನದಾಗ ಹೆಣ್ಮಕ್ಕಳು ಊರು ಬಿಟ್ಟು ಸಾಲಿ ಕಲ್ತಿಲ್ಲ” ಎಂದ ಅಪ್ಪ. ಅಲ್ಲಿಗೆ ಮುಗಿಯಿತು. ತಂಗಿ ಊರ ಸಾಲಿಗೆ ಹೋಗುತ್ತಿದ್ದಳು, ನಾನು ವರ್ಷವಿಡೀ ರೊಟ್ಟಿ ಬಡಿದೆ, ಸಿಟ್ಟು ಬಂದ ದಿನ ಇನ್ನಷ್ಟು ಜೋರಾಗಿ ಬಡಿದೆ.

ಅರವತ್ತೇಳರ ಚುನಾವಣೆ ಮುಗಿದಾಗ ಪಕ್ಷದ ಐದಾರು ಮಂದಿ ನಮ್ಮ ಪಡಸಾಲೆಯಲ್ಲಿ ಸೇರಿದ್ದರು. ದಿಲ್ಲಿಯಲ್ಲಿ ಸರಕಾರ ಹಳಬರದೇ, ಆದರೆ ಎದುರು ಕೂರುವವರಲ್ಲಿ ಅಪ್ಪನ ಪಕ್ಷದ್ದೇ ದೊಡ್ಡ ಗುಂಪು. “ಸರಕಾರ ಅಂತೂ ಆಗಲಿಲ್ಲ ಬಿಡ್ರಿ” ಎಂದು ತಿಕೋಟಾದಿಂದ ಬಂದಿದ್ದ ಮುದುಕರೊಬ್ಬರು ಪೇಚಾಡಿಕೊಂಡರು.

ಅಪ್ಪ ಪತ್ರಿಕೆ ಮಡಚಿಟ್ಟ. “ಸರಕಾರ ನಡಸಾವ್ರು ಯಾವಾಗ್ಲೂ ಇರ್ತಾರ್ರಿ. ಎದುರು ಕುಂತು ಯಾಕ ಅಂತ ಕೇಳಾವ್ರು ಬೇಕು. ಇಲ್ಲಂದ್ರ ಎಂಥಾವಗೂ ಸೊಕ್ಕು ಬರ್ತೈತಿ.”

ಹೊರಗಿನವರಿದ್ದಾಗ ನಮ್ಮ ಕಡೆ ಹೆಂಡತಿ ಗಂಡನೊಂದಿಗೆ ನೇರ ಮಾತಾಡುತ್ತಿರಲಿಲ್ಲ, ಹೇಳುವುದನ್ನು ಮಕ್ಕಳ ಬಾಯಿಂದ ಹೇಳಿಸುತ್ತಿದ್ದಳು. ನಾನು ಚಹಾ ಹಿಡಿದು ಪಡಸಾಲೆಗೆ ಬಂದಿದ್ದೆ. ಒಳಗಿನಿಂದ ಎಲ್ಲರಿಗೂ ಕೇಳುವಂತೆ ಅವ್ವನ ದನಿ ಬಂತು.

“ಕೇಳ ಬೇ ನಿಮ್ಮಪ್ಪಗ, ಈ ಮನ್ಯಾಗ ಕೇಳಾವ್ರು ಬ್ಯಾಡೇನು? ನಿನ್ನ ಸಾಲಿ ಯಾಕ ಬಿಡಿಸ್ಯಾರ ಅಂತ ಕೇಳು.”

ಕಪ್ಪುಬಸಿಗಳನ್ನು ಕೆಳಗಿಟ್ಟೆ. ಕೇಳಿಯೇ ಬಿಟ್ಟೆ. “ಯಪ್ಪಾ, ನನ್ನ ಸಾಲಿ ಯಾಕ ಬಿಡಿಸಿದಿ?”

ತಿಕೋಟಾದ ಮುದುಕರು ನಕ್ಕರು. “ಉತ್ತರ ಕೊಡ್ರಿ ಗೌಡ್ರ.”

ಅಪ್ಪ ಸಿಟ್ಟಾಗಲಿಲ್ಲ. “ಆತು, ನೋಡೂಣು” ಎಂದ. ಆ ಒಂದು ಮಾತಿಗೆ ನಾನು ಹದಿನೈದು ದಿನ ಹಿಗ್ಗಿದೆ. ಹಳೆಯ ಪಾಟಿಚೀಲ ಒಗೆದು ಒಣಹಾಕಿದೆ. ಆಮೇಲೆ ಕನಮಡಿಯಿಂದ ನನ್ನನ್ನು ನೋಡಲು ಬೀಗರು ಬಂದರು. ದಿಲ್ಲಿಯಲ್ಲಿ ತನ್ನ ಪಕ್ಷದವರನ್ನು ಮಾತಾಡಲು ಬಿಟ್ಟು, ಕಡೆಗೆ ಸರಕಾರ ತನಗೆ ಬೇಕಾದ್ದನ್ನೇ ಮಾಡುತ್ತದೆಂದು ಅಪ್ಪ ಗೊಣಗುತ್ತಿದ್ದನಲ್ಲ, ನನಗೂ ಆದದ್ದು ಅದೇ. ಅವನು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಅಪ್ಪ ಕನಮಡಿಯ ನನ್ನ ಗಂಡನ ಮನೆಗೆ ಬಂದ. ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಊಟಕ್ಕೆ ಬಡಿಸಿದೆ.

“ತಂಗಿನ್ನ ವಿಜಾಪುರದ ಸಾಲಿಗೆ ಹಚ್ಚಿ ಬಂದ್ನಿ, ನಾನ ಹೋಗಿ ಸಹಿ ಮಾಡೀನಿ” ಎಂದ ಹೆಮ್ಮೆಯಿಂದ. “ಅವತ್ತು ನಿಮ್ಮವ್ವ ಕೇಳಿದ್ದು ಖರೇ ಇತ್ತು.”

ತಂಗಿಯ ಸುದ್ದಿಗೆ ಖುಷಿಯಾಯಿತು. ಅದರ ಬೆನ್ನಿಗೇ ಅವಳ ಮೇಲೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

“ಅವತ್ತು ಕೇಳಿದಾಕಿ ನಾನ ಅಲ್ಲೇನು ಯಪ್ಪಾ?” ಎಂದೆ.

ಅಪ್ಪ ನನ್ನನ್ನೂ ಮಗುವನ್ನೂ ನೋಡಿದ. “ಹೌದ ಯವ್ವಾ, ನೀನ” ಎಂದು, ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಂಡ.