ಲಕ್ಕಮ್ಮನ ಗೇಣು

ಅಡುಗೆಮನೆಯಿಂದ ಹೊಸ ಹುಣಸೆಹಣ್ಣಿನ ಸಾರಿನ ವಾಸನೆ ಬಂದರೆ ನಿಮಗೆ ಹಸಿವಾಗಬಹುದು. ನನಗೆ ಮೊದಲು ನಾಚಿಕೆಯಾಗುತ್ತದೆ, ಹಸಿವು ಆಮೇಲೆ. ಬಡವನಹಳ್ಳಿಯ ಲಕ್ಕಮ್ಮ ನೆನಪಾಗುತ್ತಾಳೆ.

ಆಗ ಮಧುಗಿರಿಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿಯಿತ್ತು. ಗೇಟು, ಕಿಟಕಿ ಮಾಡಿಕೊಂಡಿದ್ದವನಿಗೆ ನಾನೂ ಒಬ್ಬ ಎಂಜಿನಿಯರು ಎಂಬ ಭ್ರಮೆ ಯಾವಾಗ ಅಂಟಿತೋ ಕಾಣೆ. ಗೇಟು ಕೂರಿಸಲು ಹೋಗಿದ್ದ ಬಡವನಹಳ್ಳಿಯಲ್ಲಿ ಏಳೆಂಟು ಹೆಂಗಸರು ಜಗಲಿಯ ಮೇಲೆ ದುಂಡಗೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಅವರಲ್ಲಿ ಹಿರಿಯಳಾದ ಲಕ್ಕಮ್ಮನಿಗೆ ಮೊಣಕಾಲು ಮಡಚಲು ಬರದಂತಾಗಿ, ಇನ್ನು ಕೆಲಸ ಬಿಡಬೇಕೆಂಬ ಮಾತು ಬಂದಿತ್ತು. ಕೂಲಿ ತಪ್ಪುವುದಕ್ಕಿಂತ ಆ ಗುಂಪು ಬಿಟ್ಟು ಮನೆಯಲ್ಲಿ ಒಬ್ಬಳೇ ಕೂರಬೇಕಲ್ಲ ಎಂಬುದೇ ಅವಳ ಸಂಕಟ.

ನಾನು ಯಾರನ್ನೂ ಕೇಳಲಿಲ್ಲ. ನನ್ನ ಸೊಂಟದ ಎತ್ತರಕ್ಕೇ ಟೇಪು ಹಿಡಿದು ಅಳತೆ ತೆಗೆದೆ. ಕಬ್ಬಿಣದ ಮೇಜು, ಅದಕ್ಕೊಪ್ಪುವ ಎತ್ತರದ ಕುರ್ಚಿ ಮಾಡಿ, ಹಸಿರು ಬಣ್ಣ ಬಳಿದು, ಆಟೋದಲ್ಲಿ ಹೇರಿಕೊಂಡು ಹೋದೆ. ಲಕ್ಕಮ್ಮ ನನ್ನ ಮರ್ಯಾದೆ ಉಳಿಸಲು ಅರ್ಧ ಗಂಟೆ ಕೂತಳು. ಮುಂದಿನ ವಾರ ಹೋದರೆ ಮೇಜಿನ ತುಂಬ ಎಲ್ಲರ ಬುತ್ತಿ, ಕುರ್ಚಿಯ ಮೇಲೆ ಒಂದು ಕೋಳಿ. ಲಕ್ಕಮ್ಮ ಕೆಳಗೇ ಹಲ್ಲು ಕಚ್ಚಿಕೊಂಡು ಕೂತಿದ್ದಳು.

ನನಗೆ ಸಿಟ್ಟು ಬಂತು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಅವಳು ಸುತ್ತಿಗೆ ಕೆಳಗಿಟ್ಟಳು.

"ಅಲ್ ಮೇಲೆ ಕುಂತ್ರೆ ಇವ್ರ್ ಮಾತು ನಂಗೆ ಕೇಳಾಕಿಲ್ಲ ಕಣಪ್ಪ. ಮನೇಲಿ ಒಬ್ಳೇ ಕುಂತಂಗೇ ಆಯ್ತದೆ. ನೀನು ಮೊದ್ಲು ಇಲ್ ಬಂದು ಕುಂತ್ಕೊ."

ಕೂತೆ. ಕುಟ್ಟಿದೆ. ಹಣ್ಣಿಗಿಂತ ಹೆಬ್ಬೆರಳಿಗೇ ಹೆಚ್ಚು ಏಟು ಬಿತ್ತು. ಅವರು ನಕ್ಕು ಸುಸ್ತಾದ ಮೇಲೆ ಕೆಲಸ ಶುರುವಾಯಿತು. ಒಬ್ಬಳು ಲಕ್ಕಮ್ಮನಿಗೆ ಕೂರಲು ಇಟ್ಟಿಗೆ ಜೋಡಿಸಿ ಮೇಲೆ ಗೋಣಿಚೀಲ ಮಡಚಿಟ್ಟಳು. ಇನ್ನೊಬ್ಬಳು ಕಾಲು ಚಾಚಲು ಮುಂದೆ ಜಾಗ ಬೇಕೆಂದು ಹುಣಸೆಬೀಜ ಸಾಲಾಗಿಟ್ಟು ಗುರುತು ಮಾಡಿದಳು. ಬೆನ್ನಿಗೆ ಆಸರೆ ಕೊಡಲೇ ಎಂದರೆ ಎಲ್ಲರೂ ಬೇಡವೆಂದರು. ಪಕ್ಕದವಳ ಕಡೆ ತಿರುಗುವುದು ಹೇಗೆ? ಎತ್ತರ ಒಂದು ಗೇಣು ಎಂದಾಯಿತು. ನಾನು ಕೈ ಚಾಚಿದರೆ ಲಕ್ಕಮ್ಮ ಅದನ್ನು ಸರಿಸಿ ತನ್ನ ಗೇಣು ಇಟ್ಟಳು. ಆ ಅಳತೆಗೆ ನಾನು ಮಾಡಿಕೊಟ್ಟ ಪುಟ್ಟ ಪೀಠದ ಮೇಲೆ ಅವಳು ಆಮೇಲೆ ಎಷ್ಟೋ ಸುಗ್ಗಿ ಆ ಗುಂಪಿನಲ್ಲೇ ಕೂತಳು.

ಈ ಕತೆಯನ್ನು ಸಿಕ್ಕವರಿಗೆಲ್ಲ ಹೇಳಿ ಮೆರೆದವನು ನಾನು. ಇವತ್ತೂ ನಿಮಗೆ ಹೇಳಿ ಮುಗಿಸಿ, ಸಾರಿನ ಆಸೆಗೆ ಅಡುಗೆಮನೆಗೆ ಹೋದೆ. ಹೆಂಡತಿ ಮಣೆಯ ಮೇಲೆ ನಿಂತು ಸೌಟು ಆಡಿಸುತ್ತಿದ್ದಳು. ಯಾವಾಗಿನಿಂದ ಮಣೆ ಹತ್ತುತ್ತಿದ್ದೀಯ ಎಂದೆ.

"ಮನೆ ಕಟ್ಟಿಸ್ದಾಗಿಂದ. ಒಲೆ ಕಟ್ಟೆಗೆ ಅಳತೆ ಕೊಟ್ಟೋರು ನೀವೇ ಅಲ್ವಾ?"

ಅದು ಲಕ್ಕಮ್ಮನ ಪೀಠ ಆದ ಮರುವರ್ಷ ಕಟ್ಟಿಸಿದ ಮನೆ. ಟೇಪು ತರಲು ಹೊರಟವನು ಬಾಗಿಲಲ್ಲೇ ನಿಂತೆ. ತಿರುಗಿ ಬಂದು, ನೀನು ಮಣೆಯಿಂದ ಇಳಿದು, ಕಟ್ಟೆ ಎಷ್ಟು ತಗ್ಗಬೇಕೋ ನಿನ್ನ ಗೇಣು ಇಟ್ಟು ತೋರಿಸು ಎಂದೆ.